ಬೆರಳಿಗೆ ಹಚ್ಚಿದ ಕ್ರೀಮು

ನನ್ನ ಮಗಳ ಮಗಳಿಗೆ ಇಪ್ಪತ್ತನಾಲ್ಕು ವರ್ಷ. ಅವಳ ಮುಖದಲ್ಲಿ ಒಂದು ಗೆರೆ ಇಲ್ಲ. ಆ ಇಲ್ಲದ ಗೆರೆಗೆ ಅವಳು ಮದ್ದು ಹಚ್ಚುತ್ತಾಳೆ.

ಅವಳ ಅಪ್ಪ ಅಮ್ಮ ಇರುವುದು ಬೆಳ್ತಂಗಡಿಯಿಂದಲೂ ಆಚೆ. ಅವಳಿಗೆ ಬಿ.ಸಿ. ರೋಡಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಬಂದು ಹೋಗುವುದು ಆಗದು ಎಂದು ಬಂಟ್ವಾಳದ ನನ್ನ ಮನೆಯಲ್ಲಿ ಉಳಿದಳು. ನನ್ನ ಮನೆ ಎಂದರೆ ಐದು ಸೆಂಟ್ಸ್ ಜಾಗದಲ್ಲಿ ಎರಡು ಕೋಣೆ, ಎದುರು ರಸ್ತೆಗೆ ತಾಗಿದ ಒಂದು ಸಿಮೆಂಟಿನ ಜಗಲಿ. ನಮ್ಮ ಮನೆಯವರು ಪೇಟೆಯ ಒಂದು ಹೋಟೆಲಿನಲ್ಲಿ ಚಹಾ ಮಾಡುತ್ತಿದ್ದರು. ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. "ಅಮ್ಮ ಒಬ್ಬರೇ ಇದ್ದಾರೆ, ಅವರಿಗೂ ಆಯ್ತು, ನಿನಗೂ ಆಯ್ತು" ಎಂದು ಮಗಳು ಅವಳನ್ನು ಕಳುಹಿಸಿದಳು. ಯಾರು ಯಾರಿಗೆ ಆದದ್ದು ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ನಾನು ಬೀಡಿ ಕಟ್ಟುವವಳು. ಮೂರನೇ ಕ್ಲಾಸಿನಲ್ಲಿ ಶಾಲೆ ಬಿಡಿಸಿ ಅಮ್ಮ ನನ್ನ ಮಡಿಲಲ್ಲಿ ಬೀಡಿಯ ಎಲೆ ಹಾಕುವ ಗೆರಸೆ ಇಟ್ಟದ್ದು. ಅಂದಿನಿಂದ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿಸಿ, ಉರುಟಿ, ನೂಲು ಸುತ್ತಿ, ತುದಿ ಮಡಚಿ ಬಂದಿದ್ದೇನೆ. ಎಲೆ, ಹೊಗೆಸೊಪ್ಪು ತಂದು, ಕಟ್ಟಿದ ಬೀಡಿಯನ್ನು ಒಯ್ದು ಕೊಡುವ ಜಾಗಕ್ಕೆ ನಾವು ಬ್ರಾಂಚ್ ಎನ್ನುತ್ತೇವೆ. ಅಲ್ಲಿ ಸಾಲಿನಲ್ಲಿ ನಿಲ್ಲುವ ಹೆಂಗಸರೇ ನನಗೆ ಲೋಕ. ಯಾರ ಸೊಸೆ ಜಗಳ ಮಾಡಿ ಹೋದಳು, ಯಾರಿಗೆ ಸಕ್ಕರೆ ಕಾಯಿಲೆ ಹೆಚ್ಚಾಯಿತು, ಎಲ್ಲ ಅಲ್ಲಿ ತಿಳಿಯುತ್ತದೆ.

ಮೊಮ್ಮಗಳು ಬಂದ ಮೇಲೆ ಮನೆಯಲ್ಲಿ ಮಾತು ಹೆಚ್ಚಾದೀತು ಎಂದುಕೊಂಡಿದ್ದೆ. ಅವಳು ಸಂಜೆ ಬರುತ್ತಾಳೆ, ಉಣ್ಣುತ್ತಾಳೆ, ಪಾತ್ರೆ ತೊಳೆದು ಕವುಚಿ ಹಾಕುತ್ತಾಳೆ. ಕೆಲಸಕ್ಕೆ ಹಿಂದೆ ಬೀಳುವವಳಲ್ಲ. ಆಮೇಲೆ ಮುಖ ತೊಳೆದು ಒರಸಿ ಕನ್ನಡಿಯ ಎದುರು ಕುಳಿತಳೆಂದರೆ ಅವಳು ನನ್ನ ಮನೆಯಲ್ಲಿ ಇಲ್ಲ. ಮುಖ ಪೂರ್ತಿ ಒಣಗುವವರೆಗೆ ಕಾಯುತ್ತಾಳೆ. ಕಪಾಟಿನ ಒಳಗೆ, ಬೆಳಕು ಬೀಳದ ಕಡೆ ಇಟ್ಟ ಟ್ಯೂಬು ತೆಗೆದು, ಒಂದು ಬಟಾಣಿಯಷ್ಟು ಕ್ರೀಮು ಬೆರಳಿಗೆ ಹಿಂಡಿ, ಹಣೆಗೆ, ಕೆನ್ನೆಗೆ, ಗಲ್ಲಕ್ಕೆ ಚುಕ್ಕೆ ಇಟ್ಟು ಹರಡುತ್ತಾಳೆ.

"ಎಂತ ಅದು? ಕಜ್ಜಿಯಾ?" ಎಂದು ಕೇಳಿದೆ ಒಂದು ದಿನ.

"ಕಜ್ಜಿ ಅಲ್ಲ ಅಜ್ಜಿ! ರೆಟಿನಾಯ್ಡ್ ಅಂತ. ಮೂಡುಬಿದಿರೆಯ ಸ್ಕಿನ್ ಡಾಕ್ಟ್ರು ಬರೆದುಕೊಟ್ಟದ್ದು."

"ಯಾವ ರೋಗಕ್ಕೆ?"

"ರೋಗ ಎಂತದ್ದೂ ಇಲ್ಲ. ಮುಂದೆ ನೆರಿಗೆ ಬರಬಾರದಲ್ಲ, ಅದಕ್ಕೆ."

"ಮುಂದೆ ಅಂದ್ರೆ ಯಾವಾಗ?"

"ಮೂವತ್ತು, ಮೂವತ್ತೈದು ಆಗುವಾಗ ಶುರು ಆಗ್ತದೆ."

"ಹಾಗಾದ್ರೆ ಆವಾಗ ಹಚ್ಚು ಮಾರಾಯ್ತಿ."

"ಬಂದ ಮೇಲೆ ಹಚ್ಚಿ ಎಂತ ಮಾಡುದು? ಅಪ್ಪ ಅಡಿಕೆಗೆ ಕೊಳೆರೋಗ ಬರುವ ಮೊದಲೇ ಮದ್ದು ಬಿಡುದಿಲ್ವಾ? ಇದೂ ಹಾಗೆ."

"ಅಡಿಕೆ ಮಾರ್ಲಿಕ್ಕೆ ಉಂಟು. ನಿನ್ನ ಮುಖ ಯಾರಿಗೆ ಮಾರ್ಲಿಕ್ಕೆ?"

ಅವಳು ನಗಲಿಲ್ಲ. ಕನ್ನಡಿಯನ್ನು ಸ್ವಲ್ಪ ಓರೆ ಮಾಡಿ ಕಣ್ಣಿನ ಮೂಲೆ ನೋಡಿಕೊಂಡಳು.

ಅವಳ ಹೆದರಿಕೆ ಎಲ್ಲಿಂದ ಬಂತೆಂದು ನನಗೆ ನಿಧಾನಕ್ಕೆ ಗೊತ್ತಾಯಿತು. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ ಬಂದವರ ಮುಖಕ್ಕೆ ಫ್ರೇಮು ಕೂರಿಸುವುದು. ಇಡೀ ದಿನ ಜನರ ಕಣ್ಣಿನ ಸುತ್ತ, ಒಂದು ಗೇಣು ದೂರದಿಂದ ನೋಡಬೇಕು. ಗಂಡಸರು ಹೆಂಗಸರು, ಬ್ಯಾಂಕಿನವರು, ಟೀಚರುಗಳು, ಗಲ್ಫಿನಿಂದ ರಜೆಯಲ್ಲಿ ಬಂದವರು. "ನಲವತ್ತು ಆಗುವಾಗ ಎಲ್ಲರಿಗೂ ಇಲ್ಲಿ ಕಾಗೆಯ ಕಾಲಿನ ಹಾಗೆ ಇರ್ತದೆ ಅಜ್ಜಿ" ಎಂದು ತನ್ನ ಕಣ್ಣಿನ ಪಕ್ಕ ಬೆರಳಿಟ್ಟು ತೋರಿಸಿದ್ದಳು. ಹಾಗೆ ದಿನಕ್ಕೊಂದು ರಾಶಿ ನೆರಿಗೆ ನೋಡಿ ಮನೆಗೆ ಬಂದರೆ, ಮನೆಯಲ್ಲಿ ನಾನು.

ಬ್ರಾಂಚಿನ ಹೆಂಗಸರು ಅವಳನ್ನು ಕಂಡಾಗಲೆಲ್ಲ ಹೇಳುವುದು ಒಂದೇ. "ಅಜ್ಜಿಯದೇ ಪಡಿಯಚ್ಚು, ನೋಡಿ! ಅದೇ ಹಣೆ, ಅದೇ ಗಲ್ಲ." ಮೊದಲು ಅವಳು ನಗುತ್ತಿದ್ದಳು. ಆಮೇಲೆ ಆ ಮಾತು ಬಂದರೆ ಕೊಡೆಯನ್ನು ಮುಂದಕ್ಕೆ ಬಾಗಿಸಿ ಬೇಗ ಬೇಗ ಹೋಗತೊಡಗಿದಳು. ಕೊಡೆ ಮಳೆಗಲ್ಲ, ಬಿಸಿಲಿಗೆ. ಆ ಕ್ರೀಮು ಹಚ್ಚುವವರು ಬಿಸಿಲಿಗೆ ಮುಖ ಕೊಡಬಾರದಂತೆ. ಬೆಳಗ್ಗೆ ಬಿಸಿಲಿನದ್ದು ಬೇರೆ ಒಂದು ಬಿಳಿ ಕ್ರೀಮು. ಸಂಜೆ ಜಗಲಿಯಲ್ಲಿ ನನ್ನ ಜೊತೆ ಕುಳಿತುಕೊಳ್ಳುತ್ತಿದ್ದವಳು ಅದನ್ನೂ ಬಿಟ್ಟಳು, ನಮ್ಮ ಜಗಲಿಗೆ ಇಳಿಬಿಸಿಲು ನೇರ ಬೀಳುತ್ತದೆ. ಆದಿತ್ಯವಾರ ತಲೆಗೆ ಎಣ್ಣೆ ಹಾಕಿ ಕೊಡುತ್ತಿದ್ದೆ. ಅದೂ ಬೇಡವಾಯಿತು. "ಎಣ್ಣೆ ಹಣೆಗೆ ಇಳೀತದೆ ಅಜ್ಜಿ. ಮುಖ ಮುಟ್ಟಬೇಡಿ, ಉರೀತದೆ."

ಉರಿಯುತ್ತಿದ್ದದ್ದು ನಿಜ. ಶುರುವಿನ ವಾರಗಳಲ್ಲಿ ಮೂಗಿನ ಪಕ್ಕ, ಬಾಯಿಯ ಸುತ್ತ ಸಿಪ್ಪೆ ಏಳುತ್ತಿತ್ತು, ಕೆನ್ನೆ ಕೆಂಪಾಗಿತ್ತು. ನನಗೆ ಕೇಡು ಕಾಣುತ್ತಿತ್ತು. ಅವಳಿಗೆ ಅದೇ ಒಳ್ಳೆಯ ಲಕ್ಷಣ. "ಹಳೇ ಚರ್ಮ ಬೇಗ ಬೇಗ ಹೋಗಿ ಅಡಿಯಿಂದ ಹೊಸತು ಬರ್ತಾ ಉಂಟು" ಎಂದಳು.

ನಾನು ಗೆರಸೆ ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದೆ. ಇನ್ನೂ ಬಾರದ ಯಾರೋ ಒಬ್ಬ ಹೆಂಗಸಿಗೆ ಈ ಹುಡುಗಿ ದಿನಾ ಉಪಚಾರ ಮಾಡುತ್ತಿದ್ದಾಳೆ, ಬಂದು ಕುಳಿತ ನಾನು ಇಲ್ಲೇ ಪಕ್ಕದಲ್ಲಿ ಇದ್ದೇನೆ ಎಂದು ಅನ್ನಿಸುತ್ತಿತ್ತು. ಹೇಳಲಿಲ್ಲ. ಹೇಳಿದರೆ ಅವಳು ಪಾಪ ಎಂದು ಬಂದು ಹತ್ತಿರ ಕುಳಿತುಕೊಳ್ಳುತ್ತಿದ್ದಳು. ಹಾಗೆ ಕುಳಿತುಕೊಳ್ಳುವುದು ನನಗೆ ಬೇಡ.

ಚೌತಿ ಕಳೆದ ಮೇಲೆ ರೇಷನಿನ ತಾಪತ್ರಯ ಶುರುವಾಯಿತು.

ನಮ್ಮ ಕಾರ್ಡಿನಲ್ಲಿ ಎರಡು ಹೆಸರಿತ್ತು, ನಮ್ಮ ಮನೆಯವರದ್ದು ಮತ್ತು ನನ್ನದು. ಅವರಿರುವಾಗ ಸೊಸೈಟಿಗೆ ಅವರೇ ಹೋಗಿ ಮಿಷನಿಗೆ ಹೆಬ್ಬೆಟ್ಟು ಇಟ್ಟು ಅಕ್ಕಿ ತರುತ್ತಿದ್ದರು. ಒಬ್ಬರ ಬೆರಳು ಸಾಕು ಮನೆಗೆ. ಅವರು ಹೋದ ಮೇಲೆ ಅಕ್ಕಿ ತರುವುದೇ ನಿಂತಿತ್ತು. ಈ ಚೌತಿಯ ಹೊತ್ತಿಗೆ ಮಗಳು ಅವರ ಹೆಸರು ತೆಗೆಸಿದಳು. ನಾನು ಮೊದಲ ಸಲ ಸ್ವತಃ ಹೋದದ್ದು ಆಗ. ಸೊಸೈಟಿಯಲ್ಲಿ ಮಿಷನ್ ನೋಡುವ ಹೆಂಗಸು ಒಳ್ಳೆಯವಳು.

"ಅಜ್ಜಿ, ಹೆಬ್ಬೆಟ್ಟು ಇಡಿ. ಒತ್ತಿ ಹಿಡೀರಿ."

ಇಟ್ಟೆ. ಮಿಷನ್ ಕೆಂಪು ದೀಪ ತೋರಿಸಿತು.

"ಸೀರೆಗೆ ಒರಸಿ ಇಡಿ. ಆಯ್ತು, ಆ ಕೈ ಇಡಿ. ಮತ್ತೊಂದು ಬೆರಳು. ಕಿರುಬೆರಳು ನೋಡುವ."

ಹತ್ತು ಬೆರಳೂ ಮುಗಿಯಿತು. ಹಿಂದೆ ನಿಂತವರೊಬ್ಬರು, "ಕಾಲಿನದ್ದು ಇಡಿ ಅಜ್ಜೀ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳು ನನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿದಳು. "ನೀವು ಬೀಡಿ ಕಟ್ತೀರಲ್ಲ? ಅದೇ ಸಮಸ್ಯೆ. ಗೆರೆಯೇ ಇಲ್ಲ, ಮಿಷನಿಗೆ ಎಂತ ಕಾಣಬೇಕು?"

ಫೋನಿಗೆ ಒಂದು ನಂಬರು ಬರುತ್ತದೆ, ಅದು ಹೇಳಿದರೂ ಆಗುತ್ತದೆ ಎಂದಳು. ಆ ಫೋನು ಅವರದ್ದು. ಅವರು ಹೋದ ಮೇಲೆ ಅದಕ್ಕೆ ಕರೆನ್ಸಿ ಹಾಕುವವರಿಲ್ಲದೆ ಅದೂ ಸತ್ತಿತ್ತು. ಕಣ್ಣು ತೋರಿಸುವ ಮಿಷನ್ ಆ ಸೊಸೈಟಿಯಲ್ಲಿ ಇಲ್ಲ. "ಹೇಗಾದರೂ ಮಾಡಿ ದೀಪಾವಳಿಯ ಒಳಗೆ ಒಂದು ಸಲ ಬೆರಳು ಕೊಡಿ ಅಜ್ಜಿ. ಇಲ್ಲದಿದ್ರೆ ಹೆಸರು ಹೋಗ್ತದೆ, ಇರುವುದು ನಿಮ್ಮದು ಒಂದೇ ಹೆಸರು. ಕಾರ್ಡೇ ಹೋಗ್ತದೆ." ಆಮೇಲೆ ದನಿ ತಗ್ಗಿಸಿ, "ಮನೆಯಲ್ಲಿ ಮೊಮ್ಮಗಳು ಇದ್ದಾಳಲ್ಲ, ಅವಳ ಹೆಸರು ಸೇರಿಸಿ. ಮತ್ತೆ ತಿಂಗಳು ತಿಂಗಳು ಅವಳ ಬೆರಳು ಸಾಕು" ಎಂದಳು.

ಅಕ್ಕಿಗಾಗಿ ನಾನು ಅಷ್ಟು ಚಿಂತೆ ಮಾಡಿದ್ದಲ್ಲ. ಸೊಸೈಟಿಯ ಬೆಳ್ತಿಗೆ ಅಕ್ಕಿ ಕುಚ್ಚಲು ಉಣ್ಣುವ ನನಗೆ ಊಟಕ್ಕೆ ಆಗುವುದೂ ಇಲ್ಲ, ದೋಸೆಗೆ ಹಾಕುವುದು. ಆದರೆ ಆ ಕಾರ್ಡಿನಲ್ಲಿ ಅವರ ಹೆಸರು ತೆಗೆದ ಜಾಗ ನೋಡಿದ್ದೇನೆ. ಅಲ್ಲಿ ಏನೂ ಇಲ್ಲ. ನನ್ನದೂ ಹೋದರೆ ಈ ಐದು ಸೆಂಟ್ಸಿನಲ್ಲಿ ಯಾರೂ ಇಲ್ಲ ಎಂದೇ ಲೆಕ್ಕ. ಇಷ್ಟು ವರ್ಷ ಇದ್ದು, ಇನ್ನೂ ಉಸಿರಾಡುತ್ತಿರುವಾಗ ಹಾಗೆ ಆಗುವುದು ನನಗೆ ಸರಿ ಕಾಣಲಿಲ್ಲ.

ಆ ಸಂಜೆ ಇದನ್ನು ಮೊಮ್ಮಗಳಿಗೆ ಹೇಳುವ ಎಂದು ಕಾದೆ. ಅವಳು ಎದುರಿನ ಕೋಣೆಯಲ್ಲಿ ಗೆಳತಿಯೊಬ್ಬಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಅಡಿಗೆ ಕೋಣೆಯಲ್ಲಿ ಬಸಳೆ ಕತ್ತರಿಸುತ್ತಿದ್ದೆ. ನಡುವೆ ಒಂದು ಪರದೆ ಮಾತ್ರ. ಕ್ರೀಮಿನ ಮಾತೇ ನಡೆದಿತ್ತು. ಆ ಗೆಳತಿ, ಇಷ್ಟು ಬೇಗ ಯಾಕೆ ಎಂದು ಕೇಳಿರಬೇಕು.

"ನಮ್ಮ ಅಜ್ಜಿಯನ್ನು ನೋಡಿದ್ದೀಯಲ್ಲ ನೀನು?" ಎಂದಳು ಇವಳು. "ನಮ್ಮದು ಒಂದೇ ಚರ್ಮ ಮಾರಾಯ್ತಿ. ಈಗ ಎಂತದ್ದೂ ಮಾಡದಿದ್ದರೆ ಕಡೆಗೆ ಅದೇ!"

ಫೋನಿನ ಆ ಕಡೆ ಗೆಳತಿ ನಕ್ಕದ್ದು ನನಗೂ ಕೇಳಿಸಿತು.

ಅದೇ ಎಂದರೆ ನಾನು. ಬಸಳೆ ಕತ್ತರಿಸಿ ಮುಗಿಸಿದೆ. ಪದಾರ್ಥಕ್ಕೆ ಖಾರ ಸ್ವಲ್ಪ ಹೆಚ್ಚಾಗಿತ್ತೋ ಏನೋ, ಅವಳು ಎರಡು ಸಲ ನೀರು ಕುಡಿದಳು. ರೇಷನಿನ ವಿಷಯ ನಾನು ತೆಗೆಯಲಿಲ್ಲ.

ಅವಳನ್ನು ಕೇಳುವುದಿಲ್ಲ ಎಂದು ನಿಶ್ಚಯ ಮಾಡಿದ ಮೇಲೆ ನನ್ನ ತಲೆ ಬೇರೆ ಕಡೆ ಓಡಿತು. ಹಳೆಯ ಚರ್ಮ ಹೋಗಿ ಅಡಿಯಿಂದ ಹೊಸದು ಬರುತ್ತದೆ ಎಂದು ಇವಳೇ ಹೇಳಿದ್ದಾಳೆ. ನನ್ನ ಬೆರಳಿನ ಗೆರೆ ಸವೆದದ್ದು ಮೇಲಿನ ಚರ್ಮದಲ್ಲಿ. ಹುಟ್ಟುವಾಗ ಬಂದ ಗೆರೆ ಅಡಿಯಲ್ಲಿ ಇರಲೇಬೇಕು. ಮೇಲಿನದ್ದನ್ನು ತೆಗೆದರೆ ಸೈ.

ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಕಪಾಟು ತೆರೆದು ಟ್ಯೂಬು ತೆಗೆದೆ. ಅವಳು ಮುಖವಿಡೀ ಬಟಾಣಿಯಷ್ಟು ಹಚ್ಚುತ್ತಾಳೆ. ನನ್ನದು ದಪ್ಪ ಚರ್ಮ, ಅಷ್ಟರಲ್ಲಿ ಆಗುವಂಥದ್ದಲ್ಲ ಎಂದು ಎರಡು ಕೈಯ ಹೆಬ್ಬೆರಳಿಗೂ ತೋರುಬೆರಳಿಗೂ ನೋವಿನ ಬಾಮು ಹಚ್ಚುವ ಹಾಗೆ ಬಳಿದೆ. ಒರಸಿ ಹೋಗದ ಹಾಗೆ ಹಾಲಿನ ಪ್ಲಾಸ್ಟಿಕ್ ತೊಟ್ಟೆಯ ತುಂಡು ಸುತ್ತಿ, ಬೀಡಿಯ ನೂಲಿನಿಂದಲೇ ಕಟ್ಟಿದೆ. ಅವಳು ಬರುವ ಹೊತ್ತಿಗೆ ಬಿಚ್ಚಿ ತೊಳೆಯುತ್ತಿದ್ದೆ.

ತೊಟ್ಟೆ ಕಟ್ಟಿದ ಕೈಯಲ್ಲಿ ಬೀಡಿ ಉರುಟಲು ಆಗುವುದಿಲ್ಲ. ಬ್ರಾಂಚಿಗೆ ಹೋಗುವುದು ನಿಂತಿತು. ಹೆರಿಗೆಯಾದಾಗಲೂ ನಾನು ಇಷ್ಟು ದಿನ ಬಿಟ್ಟದ್ದಿಲ್ಲ. ಮಧ್ಯಾಹ್ನ ಗಂಜಿ ಉಂಡ ಮೇಲೆ ಕೈಗೆ ಏನೂ ಕೆಲಸ ಇಲ್ಲ. ಗೋಡೆಯ ಮೇಲೆ ಹಲ್ಲಿ, ರಸ್ತೆಯಲ್ಲಿ ಬಸ್ಸು. ಕೈ ಓಡುವಾಗ ಒಬ್ಬಳೇ ಇದ್ದರೂ ಒಬ್ಬಳೇ ಎಂದು ಅನ್ನಿಸುವುದಿಲ್ಲ. ಕೈ ನಿಂತ ಮೇಲೆ ಗೊತ್ತಾಯಿತು, ಅವರು ಹೋದ ಮೇಲೆ ನನ್ನನ್ನು ಇಷ್ಟು ದಿನ ನಡೆಸಿದ್ದು ಆ ಗೆರಸೆ.

ಪಕ್ಕದ ಮನೆಯ ಹೆಂಗಸು ನನ್ನ ಬ್ರಾಂಚಿನವಳೇ. ಜಗಲಿಯ ಹತ್ತಿರ ನಿಂತು ಕೇಳಿದಳು.

"ಎಂತ ಅಕ್ಕ, ಕಾಣುದೇ ಇಲ್ಲ? ಮೊಮ್ಮಗಳು ಸಂಬಳ ತರ್ತಾಳೆ ಅಂತ ರಾಣಿಯ ಹಾಗೆ ಕೂತದ್ದಾ?"

"ಹೌದು. ಕಾಲು ಒತ್ತುವವರು ಬರ್ತಾರೆ, ಕಾಯ್ತಾ ಇದ್ದೇನೆ."

"ಕೈಗೆ ಎಂತ ಆದದ್ದು?"

"ಕೊಯ್ದದ್ದು."

ಅವಳು ನಗುತ್ತಾ ಬೀಡಿಯ ಚೀಲ ಹಿಡಿದು ಹೋದಳು. ತಿರುವಿನಲ್ಲಿ ಇನ್ನಿಬ್ಬರು ಅವಳಿಗೆ ಜೊತೆಯಾದರು. ಮೂವರೂ ಒಟ್ಟಿಗೆ ಏನೋ ಹೇಳಿ ನಕ್ಕದ್ದು ಕೇಳಿತು. ನನ್ನ ವಿಷಯವೇ ಇರಬೇಕು ಎಂದುಕೊಂಡೆ. ನನ್ನ ವಿಷಯ ಆಗಿರದಿದ್ದರೆ ಇನ್ನೂ ಬೇಸರ.

ಒಂದು ವಾರದ ಮೇಲೆ ಬೆರಳು ಸುಲಿಯತೊಡಗಿತು. ಕಾಫಿಯ ಲೋಟ ಹಿಡಿದರೆ ಜೀವ ಹೋದ ಹಾಗೆ. ಅಡಿಯಿಂದ ಬಂದ ಚರ್ಮ ಕೆಂಪಗೆ, ಹೊಳೆಯುತ್ತಾ, ನುಣ್ಣಗೆ ಇತ್ತು. ಕನ್ನಡಕ ಹಾಕಿ, ಬಿಸಿಲಿಗೆ ಹಿಡಿದು ನೋಡಿದೆ. ಅದರಲ್ಲೂ ಗೆರೆ ಇಲ್ಲ.

ಅಷ್ಟರಲ್ಲಿ ಮೊಮ್ಮಗಳು ಟ್ಯೂಬು ಚಪ್ಪಟೆಯಾದದ್ದನ್ನು ಕಂಡಳು. ಕನ್ನಡಿಯ ಎದುರಿನಿಂದಲೇ ಕೂಗಿದಳು.

"ಅಜ್ಜೀ, ಇದನ್ನು ಯಾರು ಮುಟ್ಟಿದ್ದು?"

"ನಾನು."

ಅವಳು ಟ್ಯೂಬು ಹಿಡಿದುಕೊಂಡು ಬಾಗಿಲಿಗೆ ಬಂದಳು. ನನ್ನ ಮುಖವನ್ನು ನೋಡಿದಳು. ಬಾಯಿ ಒತ್ತಿ ಹಿಡಿದರೂ ನಗು ಬಂದೇ ಬಿಟ್ಟಿತು. "ಅಯ್ಯೋ ಅಜ್ಜಿ! ನಿಮಗೂ ಆಸೆಯಾ? ಈ ಪ್ರಾಯದಲ್ಲಿ?"

"ಮುಖಕ್ಕಲ್ಲ, ರೇಷನಿಗೆ."

"ರೇಷನಿಗೆ ಕ್ರೀಮಾ?"

ಕೈ ತೋರಿಸಿದೆ. ಅವಳ ನಗು ನಿಂತಿತು. ನೆಲದಲ್ಲಿ ಕುಳಿತು, ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಫೋನಿನ ಬೆಳಕು ಹಾಕಿ ಒಂದೊಂದೇ ಬೆರಳು ನೋಡಿದಳು. ಅಂಗಡಿಯಲ್ಲಿ ಹೀಗೆಯೇ ನೋಡುತ್ತಾಳೇನೋ. ನಾನು ಸೊಸೈಟಿಯಲ್ಲಿ ಆದದ್ದೆಲ್ಲ ಹೇಳಿದೆ.

"ಅಜ್ಜಿ, ನಿಮಗೆ ಗೆರೆಯೇ ಇಲ್ಲ ಮಾರಾಯ್ರೆ. ಒಂದೂ ಇಲ್ಲ."

"ಇದ್ದದ್ದೆಲ್ಲ ಮುಖಕ್ಕೆ ಹೋಗಿದೆ" ಎಂದೆ.

ಅವಳಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಉರಿಗೆ ವ್ಯಾಸಲೀನ್ ಹಚ್ಚಿದಳು. ಅವರು ಹೋದ ಮೇಲೆ ಯಾರೂ ನನ್ನ ಕೈ ಹಿಡಿದಿರಲಿಲ್ಲ. ಸೊಸೈಟಿಯ ಹೆಂಗಸು ಹಿಡಿದದ್ದು ಬೇರೆ. ಹಚ್ಚಿ ಆದ ಮೇಲೂ ಸ್ವಲ್ಪ ಹೊತ್ತು ಕೈ ಅಲ್ಲೇ ಇರಲಿ ಎಂದು ನಾನು ತೆಗೆಯಲಿಲ್ಲ. ಅದೇ ಹೊತ್ತಿಗೆ ಬಾಯಿಯೂ ಬಂತು.

"ನಿನ್ನ ಹೆಸರು ಈ ಕಾರ್ಡಿಗೆ ಸೇರಿಸಿದರೆ ಆಗ್ತದಂತೆ. ನಿನ್ನ ಬೆರಳು ಸಾಕಂತೆ."

ಅವಳು ವ್ಯಾಸಲೀನಿನ ಮುಚ್ಚಳ ತಿರುಗಿಸಿ ಹಾಕಿದಳು. ಸರಿಯಾಗಿ ಕೂರಲಿಲ್ಲವೋ ಏನೋ, ಬಿಚ್ಚಿ ಮತ್ತೆ ಹಾಕಿದಳು. "ಅಪ್ಪನ ಕಾರ್ಡಿನಿಂದ ತೆಗೀಬೇಕಲ್ಲ ಅಜ್ಜಿ... ನೋಡುವ."

ನಮ್ಮ ಕಡೆ 'ನೋಡುವ' ಎಂದರೆ ಆಗುವುದಿಲ್ಲ ಎಂದರ್ಥ. ಮುಖ ಮುರಿಯದ ಹಾಗೆ ಹೇಳುವುದು. ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ. ಅವಳಲ್ಲಿ ಇನ್ನೊಂದು ವಿಷಯವೂ ಇತ್ತು, ಅದು ಎರಡು ದಿನ ಬಿಟ್ಟು ಹೊರಗೆ ಬಂತು. ಅಂಗಡಿಯವರು ಮೂಡುಬಿದಿರೆಯಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದರು. ಇವಳನ್ನು ಅಲ್ಲಿಗೆ ಕಳುಹಿಸುತ್ತಾರೆ. ಗೆಳತಿಯ ಜೊತೆ ಅಲ್ಲೇ ಪಿ.ಜಿ.ಯಲ್ಲಿ ಇರುವುದೆಂದು ಮಾತಾಗಿದೆ.

"ದಿನಾ ಹೋಗಿ ಬರ್ಲಿಕ್ಕೆ ಆಗ್ತದೆ" ಎಂದೆ. "ಬಸ್ಸು ಉಂಟಲ್ಲ."

"ಬಿಸಿಲಿನಲ್ಲಿ ಸ್ಟಾಪಿನಲ್ಲಿ ನಿಲ್ಲಬೇಕು ಅಜ್ಜಿ."

ನಾನು ಅವಳ ಕೊಡೆ ತೆಗೆದು ಮೊಳೆಗೆ ಸಿಕ್ಕಿಸಿದೆ.

ಬೆರಳಿನ ಉರಿ ಕಡಿಮೆಯಾಗದ್ದರಿಂದ ಅವಳು ನನ್ನನ್ನೂ ಮೂಡುಬಿದಿರೆಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಅವಳಿಗೂ ಆ ವಾರ ತೋರಿಸಲಿಕ್ಕಿತ್ತು. ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಬೆರಳು ನೋಡಿ ಹುಬ್ಬು ಏರಿಸಿದರು.

"ಅಜ್ಜಿ, ಇದನ್ನು ಹಚ್ಚಲಿಕ್ಕೆ ನಿಮಗೆ ಯಾರು ಕೊಟ್ಟದ್ದು?"

"ಕಪಾಟು ಕೊಟ್ಟದ್ದು."

ಅವರು ನಕ್ಕರು. ಆಮೇಲೆ ಗಟ್ಟಿಯಾಗಿಯೇ ಹೇಳಿದರು. ಇದು ಬೆರಳಿನ ತುದಿಗೆ ಹಚ್ಚುವಂಥದ್ದಲ್ಲ, ಅದರ ಮೇಲೆ ಪ್ಲಾಸ್ಟಿಕ್ ಕಟ್ಟಿದರೆ ಸುಟ್ಟ ಹಾಗೆಯೇ. ಕೈಗೆ ಬೇಕಾದದ್ದು ರಜೆ. ಎಲೆ, ಹೊಗೆಸೊಪ್ಪು, ಕತ್ತರಿ ಯಾವುದೂ ಮುಟ್ಟದೆ ಕೆಲವು ವಾರ ಇದ್ದು, ಬರೆದುಕೊಟ್ಟ ಮುಲಾಮು ಹಚ್ಚಿದರೆ ಗೆರೆ ತಾನಾಗಿ ಬಂದೀತು. ಪೂರ್ತಿ ಬಾರದಿದ್ದರೂ ಮಿಷನಿಗೆ ಸಾಕಾಗುವಷ್ಟು.

ಮೊಮ್ಮಗಳ ಕೆನ್ನೆ ನೋಡಿ, ಚೆನ್ನಾಗಿ ಒಗ್ಗಿದೆ ಎಂದರು. "ಬೆಳಗ್ಗಿನ ಸನ್‌ಸ್ಕ್ರೀನ್ ಬಿಡಬೇಡಿ. ಅದನ್ನು ಬಿಟ್ಟು ಇದನ್ನು ಮಾತ್ರ ಹಚ್ಚಿ ಪ್ರಯೋಜನ ಇಲ್ಲ. ಮತ್ತೆ ಮದುವೆಯಾಗಿ ಮಗು ಬೇಕು ಅಂತ ಅನ್ನಿಸಿದಾಗ ಮೊದಲೇ ಬಂದು ಹೇಳಿ, ಇದನ್ನು ನಿಲ್ಲಿಸಬೇಕು." ಹೊರಡುವಾಗ ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ, "ಅಜ್ಜಿಯದೇ ಮುಖ ನಿಮ್ಮದು" ಎಂದರು. ಮೊಮ್ಮಗಳು ಚೀಲದ ಜಿಪ್ ಎಳೆಯುತ್ತಾ ನಿಂತಳು.

ಬಂಟ್ವಾಳದ ಬಸ್ಸಿನಲ್ಲಿ ಬಿಸಿಲು ಬೀಳದ ಬದಿಯ ಸೀಟು ನೋಡಿ ಕುಳಿತೆವು. ಕಿಟಕಿ ಅವಳಿಗೆ.

"ಅಜ್ಜಿ, ನನ್ನ ಪ್ರಾಯದಲ್ಲಿ ನಿಮ್ಮ ಮುಖ ಹೇಗಿತ್ತು?"

"ಗೊತ್ತಿಲ್ಲ. ಕನ್ನಡಿ ಇತ್ತು, ನೋಡ್ಲಿಕ್ಕೆ ಪುರುಸೊತ್ತು ಇರ್ಲಿಲ್ಲ. ನಿನ್ನ ಹಾಗೇ ಇದ್ದಿರಬೇಕು, ಎಲ್ಲರೂ ಹೇಳ್ತಾರಲ್ಲ."

ನನಗೆ ಹೊಟ್ಟೆಯಲ್ಲಿ ಇಟ್ಟುಕೊಂಡು ಅಭ್ಯಾಸ ಇಲ್ಲ. ಇಷ್ಟು ದಿನ ಇಟ್ಟದ್ದೇ ಹೆಚ್ಚು.

"ನೀನು ಫೋನಿನಲ್ಲಿ ಹೇಳಿದ್ದು ಕೇಳಿದ್ದೇನೆ. ಕಡೆಗೆ ಅದೇ ಅಂತ."

ಅವಳ ಮುಖ ಕ್ರೀಮು ಇಲ್ಲದೆಯೂ ಕೆಂಪಾಯಿತು. "ಅಯ್ಯೋ ಅಜ್ಜಿ... ಅದು ತಮಾಷೆಗೆ ಹೇಳಿದ್ದು."

"ತಮಾಷೆ ಅಲ್ಲ. ಸರಿಯೇ ಹೇಳಿದ್ದಿ. ನನ್ನ ಮುಖ ಚಂದ ಉಂಟು ಅಂತ ನಾನೇನೂ ಹೇಳುದಿಲ್ಲ. ಹಚ್ಚು ನೀನು, ಹಚ್ಚಿದರೆ ಎಂತ ಆಗ್ತದೆ? ಆದರೆ ಒಂದು ತಿಳ್ಕೊ, ಅದು ನೋಯುದಿಲ್ಲ. ಮುಖ ನೆರಿಗೆ ಬಿದ್ದದ್ದು ನನಗೆ ಒಂದು ದಿನ ನೋಯಲಿಲ್ಲ. ಯಾವಾಗ ಬಂತು ಅಂತಲೇ ಗೊತ್ತಿಲ್ಲ."

"ಮತ್ತೆ ಯಾವುದು ನೋಯ್ತದೆ?"

ಕಂಡಕ್ಟರು ಬಂದು ಟಿಕೇಟು ಕೇಳಿದ. ಅವಳು ಎರಡು ಬಂಟ್ವಾಳ ಎಂದಳು. ಅವನು ಹೋದ ಮೇಲೆ ಅವಳು ಚಿಲ್ಲರೆ ಎಣಿಸಿ ಚೀಲಕ್ಕೆ ಹಾಕಿದಳು.

ಅವಳು ಮೂಡುಬಿದಿರೆಗೆ ಹೋದದ್ದು ನವರಾತ್ರಿ ಮುಗಿದ ಮೇಲೆ. ಬಟ್ಟೆಯ ಚೀಲ, ಕನ್ನಡಿ, ಟ್ಯೂಬುಗಳ ಒಂದು ಡಬ್ಬಿ. ನನ್ನ ಮುಲಾಮನ್ನು ಮಾತ್ರ ಕಿಟಕಿಯಲ್ಲಿ ಇಟ್ಟು, "ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಎಲೆ ಮುಟ್ಟಿದರೆ ನೋಡಿ ಮತ್ತೆ!" ಎಂದು ಗದರಿಸಿದಳು. ಹಳೆಯ ಒಂದು ಫೋನನ್ನೂ ಕೊಟ್ಟು, ಅದರಲ್ಲಿ ಮುಖ ನೋಡಿ ಮಾತಾಡುವುದು ಹೇಗೆ ಎಂದು ಕಲಿಸಿದಳು. ಹಸಿರು ಗುಂಡಿಯನ್ನು ಎಳೆಯಬೇಕು. ಈ ಬೆರಳಿಗೆ ಅದೂ ಮೂರ್ನಾಲ್ಕು ಸಲ ಎಳೆದರೆ ಮಾತ್ರ ಗೊತ್ತಾಗುತ್ತದೆ.

ಆಮೇಲಿನ ವಾರಗಳು ಉದ್ದ. ಡಾಕ್ಟರು ಹೇಳಿದ ಹಾಗೆಯೇ ಇದ್ದೆ. ಎಲೆ ನೆನೆಸಲಿಲ್ಲ, ಗೆರಸೆ ಮುಟ್ಟಲಿಲ್ಲ. ಬೆಳಗ್ಗೆ ಎದ್ದು ಮುಲಾಮು ಹಚ್ಚಿ ಎರಡು ಕೈಯನ್ನೂ ಮಡಿಲಲ್ಲಿ ಮಲಗಿಸಿ ಜಗಲಿಯಲ್ಲಿ ಕುಳಿತರೆ ಬ್ರಾಂಚಿನ ಹೆಂಗಸರು ಎದುರಿನಿಂದ ಹೋಗುತ್ತಿದ್ದರು. ಶುರುವಿಗೆ ನಿಂತು ಮಾತಾಡಿಸಿದರು. ಆಮೇಲೆ ಕೈ ಎತ್ತಿದರು. ಆಮೇಲೆ ಅವರ ಮಾತು ನನಗೆ ಅರ್ಥವಾಗದಷ್ಟು ಮುಂದೆ ಹೋಯಿತು, ಯಾರದೋ ನಿಶ್ಚಯದ ಸುದ್ದಿ, ಯಾರದೋ ಆಪರೇಷನ್, ನಡುವಿನಿಂದ ಕೇಳಿದರೆ ತಲೆ ಬುಡ ಇಲ್ಲ. ಅವರದ್ದು ತಪ್ಪಲ್ಲ. ಸಾಲಿನಲ್ಲಿ ಇಲ್ಲದವಳಿಗಾಗಿ ಮೊದಲಿನಿಂದ ಹೇಳುತ್ತಾ ಕೂರಲು ಯಾರಿಗೆ ಪುರುಸೊತ್ತು?

ಮೊಮ್ಮಗಳು ಸಂಜೆ ಫೋನು ಮಾಡುತ್ತಿದ್ದಳು. ದಿನಾ ಅಲ್ಲ. "ಬೆರಳು ಹೇಗುಂಟು?" ಎಂದು ಕೇಳುತ್ತಿದ್ದಳು. ಬೆರಳು ಚೆನ್ನಾಗಿಯೇ ಇತ್ತು. ಒಂದು ದಿನ ಹೆಬ್ಬೆರಳನ್ನು ಬಿಸಿಲಿಗೆ ಹಿಡಿದಾಗ ತೆಳ್ಳಗೆ, ನೀರು ಇಳಿದು ಹೋದ ಮೇಲೆ ಗದ್ದೆಯ ಕೆಸರಿನಲ್ಲಿ ಉಳಿಯುವಂಥ ಗೆರೆ ಕಂಡಿತು. ಯಾರಿಗಾದರೂ ತೋರಿಸುವ ಎಂದು ರಸ್ತೆ ನೋಡಿದೆ. ಮಧ್ಯಾಹ್ನದ ಹೊತ್ತು, ಯಾರೂ ಇರಲಿಲ್ಲ.

ದೀಪಾವಳಿಯ ಹಿಂದಿನ ವಾರ ಸೊಸೈಟಿಗೆ ಹೋದೆ. ಆ ಹೆಂಗಸು ನನ್ನನ್ನು ಮರೆತಿರಲಿಲ್ಲ.

"ಬನ್ನಿ ಅಜ್ಜಿ. ಮೊಮ್ಮಗಳ ಹೆಸರು ಸೇರ್ಸಿದ್ರಾ?"

"ಇಲ್ಲ. ನನ್ನ ಬೆರಳು ತಂದಿದ್ದೇನೆ."

ಬಲಗೈ ಹೆಬ್ಬೆಟ್ಟು ಇಟ್ಟೆ. ಕೆಂಪು. ಒರಸಿ ಇಟ್ಟೆ. ಕೆಂಪು. ಅವಳು ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಮೆಲ್ಲಗೆ ಒತ್ತಿದಳು. "ಅಲುಗಾಡಿಸಬೇಡಿ... ಅಲುಗಾಡಿಸಬೇಡಿ..." ಮಿಷನ್ ಹಸಿರಾಯಿತು. ಅದರ ಒಳಗಿನಿಂದ ಒಂದು ಹೆಂಗಸಿನ ದನಿ ಏನೋ ಹೇಳಿತು, ಚೀಟಿ ಹೊರಗೆ ಬಂತು.

"ಆಯ್ತು ಅಜ್ಜಿ! ನೀವು ಇದ್ದೀರಿ ಅಂತ ಒಪ್ಪಿಕೊಂಡಿತು" ಎಂದು ಅವಳು ನಕ್ಕಳು. ಹಿಂದೆ ನಿಂತವರೂ ನಕ್ಕರು. ಅಕ್ಕಿಯ ಚೀಲವನ್ನು ಸೊಂಟಕ್ಕೆ ಇಟ್ಟುಕೊಂಡು ಬಂದೆ. ಒಬ್ಬಳ ಅಕ್ಕಿ ಭಾರ ಏನಿಲ್ಲ.

ಆ ಸಂಜೆ ನಾನೇ ಮೊಮ್ಮಗಳಿಗೆ ಫೋನು ಮಾಡಿದೆ. ಪರದೆಯ ತುಂಬ ಅವಳ ಮುಖ ಬಂತು. ಆಗಷ್ಟೇ ಕ್ರೀಮು ಹಚ್ಚಿದ್ದಳು, ಹಣೆ ಹೊಳೆಯುತ್ತಿತ್ತು. ಹಿಂದೆ ಯಾರೋ ಹುಡುಗಿಯರು ಜೋರಾಗಿ ಮಾತಾಡುತ್ತಿದ್ದರು.

"ಬಂತಾ ಅಜ್ಜಿ?"

"ಬಂತು."

"ಹೌದಾ! ತೋರ್ಸಿ, ತೋರ್ಸಿ. ಬೆರಳು ಹತ್ತಿರ ಹಿಡೀರಿ. ಇನ್ನೂ ಹತ್ತಿರ."

ಹಿಡಿದೆ. ಅವಳು ನೋಡಿ ಗೆಳತಿಯರನ್ನು ಕರೆದಳು. ಅವರೆಲ್ಲ ನನ್ನ ಹೆಬ್ಬೆರಳನ್ನು ನೋಡಿ ಚಪ್ಪಾಳೆ ಹೊಡೆದರು.

"ಇನ್ನು ಬೀಡಿ ಕಟ್ಟುದು ಬೇಡ ಅಜ್ಜಿ. ಆಯ್ತಾ? ತಿಂಗಳು ತಿಂಗಳು ಬೆರಳು ಇಡ್ಲಿಕ್ಕೆ ಉಂಟಲ್ಲ. ಮತ್ತೆ ಸವೆದರೆ?"

"ನಾಳೆ ಬ್ರಾಂಚಿಗೆ ಹೋಗ್ತೇನೆ."

"ಅಜ್ಜೀ! ಇಷ್ಟು ಕಷ್ಟ ಪಟ್ಟು ಬಂದದ್ದು!"

"ಹೆಸರು ಉಳಿಯಬೇಕಿತ್ತು, ಉಳಿಯಿತು. ಈ ಬೆರಳು ಇಟ್ಟುಕೊಂಡು ನಾನು ಇಲ್ಲಿ ಯಾರ ಹತ್ತಿರ ಮಾತಾಡುದು?"

ಹಿಂದಿನ ಹುಡುಗಿಯರು ಊಟಕ್ಕೆ ಕರೆಯುತ್ತಿದ್ದರು. "ಹೋಗು, ಅನ್ನ ತಣ್ಣಗಾಗ್ತದೆ" ಎಂದು ನಾನೇ ಫೋನು ಇಟ್ಟೆ.

ಅಟ್ಟದಿಂದ ಕತ್ತರಿ ಇಳಿಸಿದೆ. ಅಲಗಿನಲ್ಲಿ ಸ್ವಲ್ಪ ತುಕ್ಕು ಹಿಡಿದಿತ್ತು. ಕಲ್ಲಿಗೆ ಎರಡು ಹನಿ ನೀರು ಹಾಕಿ ತಿಕ್ಕುತ್ತಾ ಕುಳಿತೆ. ಪಕ್ಕದ ಮನೆಯಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ಬೆಳಗ್ಗೆ ಬ್ರಾಂಚಿಗೆ ಎಷ್ಟು ಹೊತ್ತಿಗೆ ಹೊರಡುವುದು ಎಂದು ಕೂಗಿ ಕೇಳಿದೆ.